ಸೀರೆ ಸುತ್ತಿದ ಅಂಚು

ಹೊಸ ತೆಪ್ಪ ತಂದಾಗಿನಿಂದ ದಂಡೆಯ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. ಹಳೇದು ಚಲೋನೋ, ಹೊಸಾದು ಚಲೋನೋ? ಕೇಳುವವರಿಗೆ ಉತ್ತರ ಬೇಕಿಲ್ಲ, ಹೊತ್ತು ಹೋದರೆ ಸಾಕು. ಆದರೂ ಹೇಳುತ್ತೇನೆ, ಬಾಯಿಗೆ ಬಂದದ್ದನ್ನು ನುಂಗಿ ನುಂಗಿ ನನಗೂ ಸಾಕಾಗಿದೆ.

ಹೊಸದು ಫೈಬರಿನದು. ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಕೊಡಿಸಿದ್ದು. ಬುಟ್ಟಿಯಂಥ ದುಂಡು, ನೀಲಿ ಬಣ್ಣ, ಪ್ಲಾಸ್ಟಿಕ್ ಬಕೆಟ್ಟಿನಂಥ ನುಣುಪು. ಬೋರಲು ಹಾಕಿ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಒಬ್ಬ ಕೂತು ಬಲೆ ಇಟ್ಟುಕೊಂಡರೆ ತುಂಬಿತು. ಸೋರುವುದಿಲ್ಲ, ಕೊಳೆಯುವುದಿಲ್ಲ, ಡಾಂಬರು ಬೇಡ. ಕೊರತೆ ಏನು ಅಂದರೆ ಹೇಳುವುದಕ್ಕೆ ಒಂದೂ ಸಿಗುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ಹಳೆಯದು ಬಿದಿರಿನದು. ಮದುವೆಯಾದ ಹೊಸತರಲ್ಲಿ ಕಂಪ್ಲಿಯಲ್ಲಿ ಹೆಣೆಸಿದ್ದು. ಹೆಣೆಯುವ ಮುದುಕ ನಮ್ಮಿಬ್ಬರನ್ನೂ ನೆಲದ ಮೇಲೆ ಎದುರುಬದುರು ಕೂರಿಸಿ, ಸುತ್ತ ಕಡ್ಡಿಯಿಂದ ಗೆರೆ ಎಳೆದು ಅಳತೆ ತೆಗೆದುಕೊಂಡ. ಆಮೇಲೆ ನನ್ನ ಹೆಂಡತಿಯ ಮುಖ ನೋಡಿ, "ನಾಳೆ ಕೂಸು ಆದ್ರ ಅದೂ ಕುಂದ್ರಬೇಕಲ್ಲವಾ" ಅಂತ ಗೆರೆಯನ್ನು ಇನ್ನಷ್ಟು ಹೊರಗೆ ಸರಿಸಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಗಾಗಿ ನಮ್ಮ ತೆಪ್ಪ ದಂಡೆಯ ಮೇಲಿನ ಎಲ್ಲ ತೆಪ್ಪಗಳಿಗಿಂತ ಅಗಲ. ಎತ್ತುವುದಕ್ಕೆ ಇಬ್ಬರು ಬೇಕು, ನಡೆಸುವುದಕ್ಕೂ ಇಬ್ಬರು ಬೇಕು. ವರ್ಷ ವರ್ಷ ಡಾಂಬರು ಕಾಸಿ ಬಳಿಯದಿದ್ದರೆ ನೀರು ಕುಡಿಯುತ್ತದೆ.

ಡ್ಯಾಮಿನ ಹಿನ್ನೀರಿನಲ್ಲಿ ನಾನು ಬಲೆ ಬಿಡುತ್ತಿದ್ದೆ, ಅವಳು ಹುಟ್ಟು ಹಾಕುತ್ತಿದ್ದಳು. ದೊಡ್ಡ ಮೀನು ಸಿಕ್ಕ ದಿನ ನಾನು ದಂಡೆಯಲ್ಲಿ ಎದೆಯುಬ್ಬಿಸಿ ನಡೆದರೆ, ಹಿಂದಿನಿಂದ ಅವಳ ದನಿ: "ನಾ ತೆಪ್ಪ ನಿಂದರಿಸಿದ್ದಿಲ್ಲಂದ್ರ ನೀವು ಬರೇ ಗಾಳಿ ಹಿಡೀತಿದ್ರಿ."

ಗಾಳಿ ಹಿಡಿಯುವುದರಲ್ಲೂ ಅವಳೇ ಮುಂದು. ಮಳೆಗಾಲದ ಪಡುವಣ ಗಾಳಿ ಎದ್ದ ದಿನ ತನ್ನ ಹಳೆಯ ಕೆಂಪು ಸೀರೆಯನ್ನು ಎರಡು ಹುಟ್ಟುಗಳ ನಡುವೆ ಕಟ್ಟುತ್ತಿದ್ದಳು. ಒಂದು ಹುಟ್ಟನ್ನು ಅವಳು, ಇನ್ನೊಂದನ್ನು ನಾನು ನೆಟ್ಟಗೆ ಹಿಡಿದು ಕೂತರೆ, ಸೀರೆ ಉಬ್ಬಿ ತೆಪ್ಪ ತಾನಾಗಿ ಹೊಸಪೇಟೆ ಕಡೆಯ ದಂಡೆಗೆ ಬರುತ್ತಿತ್ತು. "ಹಡಗು ಬಂತಲೇ!" ಅಂತ ಉಳಿದವರು ನಗುತ್ತಿದ್ದರು. "ಟಿಕೀಟು ತಗೊಂಡು ಹತ್ರಿ" ಅನ್ನುತ್ತಿದ್ದಳು ಇವಳು. ಸೀರೆಯ ಆಚೆ ಅವಳ ಮುಖ ಕಾಣುತ್ತಿರಲಿಲ್ಲ, ನಗುವುದು ಮಾತ್ರ ಕೇಳುತ್ತಿತ್ತು. ಅಷ್ಟು ಸುಖ ನನಗೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ.

ಸೀರೆ ಹರಿದು ಹೋದಾಗ ಅವಳು ಅದನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ತಾನು ಕೂರುವ ಕಡೆ ತೆಪ್ಪದ ಅಂಚಿಗೆ ಸುತ್ತಿದಳು. ಅಲ್ಲಿ ಬಿದಿರು ತೋಳಿಗೆ ತರಚುತ್ತಿತ್ತು. ಕೊನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿದಳು. ಕೆಲವು ತಿಂಗಳಲ್ಲಿ ಅದು ಮೀನಿನ ನಾತ ಹಿಡಿದಾಗ, "ಇದನ್ನ ಬಿಚ್ಚಿ ಒಗೀತೀನಿ" ಅಂದಳು. ನಮ್ಮ ಕಡೆ ಬಟ್ಟೆ ತೊಳೆಯುವುದಕ್ಕೂ ಒಗೆಯುವುದು ಅನ್ನುತ್ತೇವೆ, ಬಿಸಾಡುವುದಕ್ಕೂ ಒಗೆಯುವುದು ಅನ್ನುತ್ತೇವೆ. "ಯಾವ ಒಗಿಯೋದು?" ಅಂತ ಕೆಣಕಿದೆ. "ಇದನ್ನ ಕಲ್ಲಿಗೆ ಒಗೀತೀನಿ, ನಿಮ್ಮನ್ನ ನೀರಿಗೆ ಒಗೀತೀನಿ" ಅಂದಳು. ತೊಳೆದು, ಒಣಗಿಸಿ, ಮತ್ತೆ ಹಾಗೇ ಸುತ್ತಿದಳು. ಆಮೇಲಿಂದ ಅದು ನಮ್ಮ ಮನೆಯ ಮಾತಾಯಿತು. ಅವಳು ನನ್ನ ಹಳೆಯ ಅಂಗಿ ಕೈಗೆತ್ತಿಕೊಂಡಾಗಲೆಲ್ಲ "ಯಾವ ಒಗಿಯೋದು?" ಅನ್ನುತ್ತಿದ್ದೆ.

ಜ್ವರ ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ನಡೆದು ವಾಪಸು ಬರಲಿಲ್ಲ.

ಅವಳಿಲ್ಲದೆ ಹಳೆಯ ತೆಪ್ಪದಲ್ಲಿ ಒಬ್ಬನೇ ಕೂತರೆ ಒಂದು ಕಡೆ ವಾಲುತ್ತಿತ್ತು. ಸಂಡೂರಿನ ಅದಿರು ಲಾರಿಯಿಂದ ರಸ್ತೆಗೆ ಬಿದ್ದಿದ್ದ ಕಲ್ಲೊಂದನ್ನು ತಂದು ಅವಳ ಜಾಗದಲ್ಲಿಟ್ಟೆ. ತೂಕ ಸರಿಹೋಯಿತು. ಆದರೆ ಕಲ್ಲು ಹುಟ್ಟು ಹಾಕಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬಲೆಗೆ ಕೈ ಹಾಕಿದೊಡನೆ ತೆಪ್ಪ ಇದ್ದಲ್ಲೇ ಗಿರಗಿರ ತಿರುಗುತ್ತಿತ್ತು. ಒಂದು ಭಾನುವಾರ ಮಗಳು ದಂಡೆಯಲ್ಲಿ ನಿಂತು ಅದನ್ನು ನೋಡಿದಳು. ಮನೆಗೆ ಬಂದು ಅತ್ತಳು. ಹೊಸ ತೆಪ್ಪ ಬಂದದ್ದು ಹಾಗೆ.

ಹಳೆಯದು ದಂಡೆಯಲ್ಲಿ ಬೋರಲು ಬಿದ್ದಿತ್ತು. ಹಂಪಿಗೆ ಬರುವ ಪ್ರವಾಸಿಗರಿಗಾಗಿ ಕಮಲಾಪುರದ ಹತ್ತಿರ ಎದ್ದಿರುವ ರೆಸಾರ್ಟೊಂದರಿಂದ ಒಬ್ಬ ಬಂದು, ಊಟದ ಕೋಣೆಯಲ್ಲಿ ತೂಗುಹಾಕುತ್ತೇವೆ, ಕೊಡಿ ಅಂದ. ಮೀನು ಹಿಡಿದ ತೆಪ್ಪದ ಕೆಳಗೆ ಕೂತು ಅವರು ಪನೀರು ತಿನ್ನುತ್ತಾರಂತೆ. ಆಗುವುದಿಲ್ಲ ಅಂದೆ. ಮಗಳು ಸಮಾಧಾನ ಮಾಡಿದಳು: "ಇಲ್ಲಿದ್ರ ಗೆದ್ದಲು ತಿಂತೈತಿ ಅಪ್ಪಾ. ಅಲ್ಲಿ ಸೂರಿನ ಕೆಳಗ ಇರ್ತೈತಿ. ಅವ್ವಂದು ಅಷ್ಟಾದ್ರೂ ಉಳೀಲಿ."

ಒಪ್ಪಿದೆ. ಕೊಡುವ ಮುಂಚೆ ಆ ಕೆಂಪು ಪಟ್ಟಿಯನ್ನಾದರೂ ಬಿಚ್ಚಿ ಇಟ್ಟುಕೊಳ್ಳೋಣ ಅಂತ ಕೂತೆ. ಗಂಟಿನ ಮೇಲೆ ಅವಳ ಹಲ್ಲು ಕಚ್ಚಿದ ಗುರುತು ಇನ್ನೂ ಇತ್ತು. ಅವಳ ಕೈಯಿಂದ ಈ ಲೋಕದಲ್ಲಿ ಉಳಿದಿದ್ದ ಗಂಟು ಅದೊಂದೇ. ಬಿಚ್ಚಲು ಕೈ ಬರಲಿಲ್ಲ. ಟೆಂಪೋಗೆ ಏರಿಸುವಾಗ ಆ ಮನುಷ್ಯನಿಗೆ ತೋರಿಸಿ ಹೇಳಿದೆ: "ಏನರ ಮಾಡ್ರಿ, ಈ ಅರಿವಿ ಮಾತ್ರ ಹಿಂಗ ಇರಲಿ." "ಆಯ್ತು ಬಿಡ್ರಿ" ಅಂದ.

ಸ್ವಲ್ಪ ದಿನ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ತೆಪ್ಪ ಚಾವಣಿಯಿಂದ ತೂಗುತ್ತಿತ್ತು, ಒಳಗೊಂದು ದೀಪ. ವಾರ್ನಿಶ್ ಹೊಡೆದಿದ್ದರು. ಅಂಚಿನ ಸುತ್ತ ಒಂದು ಸಲ ನಡೆದೆ, ಮತ್ತೊಂದು ಸಲ ನಡೆದೆ. ಎಲ್ಲ ಕಡೆಯೂ ಬಿದಿರೇ ಹೊಳೆಯುತ್ತಿತ್ತು.

ಟೇಬಲ್ ಒರೆಸುತ್ತಿದ್ದ ನಮ್ಮ ಕಡೆಯ ಹೆಣ್ಣುಮಗಳನ್ನು ಕೇಳಿದೆ. "ಇಲ್ಲೊಂದು ಕೆಂಪು ಅರಿವಿ ಸುತ್ತಿತ್ತಲ್ಲವಾ?"

"ಅದಾ? ಭಾಳ ನಾರತಿತ್ರಿ ಯಜಮಾನ್ರ. ಕತ್ತರಿಸಿ ತಗದು ಒಗದ್ವಿ."

ಗಂಟು ಹೋಯಿತು. ಆದರೂ ತಪ್ಪೇನು? ಮೀನಿನ ನಾತ, ಊಟದ ಜಾಗ. ಯಾರೇ ಆದರೂ ಒಗೆಯುತ್ತಾರೆ. ಅಷ್ಟು ಹಳೆಯ ಬಟ್ಟೆಗೆ ಸೋಪು ಹಚ್ಚಿದರಲ್ಲ ಅಂತ ಪುಣ್ಯಾತ್ಗಿತ್ತಿಯನ್ನು ಮನಸ್ಸಿನಲ್ಲೇ ಹರಸಿದೆ. ಚೂರಾದರೂ ಸರಿ, ಮನೆಗೆ ಒಯ್ಯೋಣ ಅಂತ ಸಂಚಿ ಬಿಡಿಸಿ ಹಿಡಿದು, "ಎಲ್ಲಿ ಒಣಗಾಕೀರವಾ?" ಅಂದೆ.

ಅವಳು ಒರೆಸುವುದನ್ನು ನಿಲ್ಲಿಸಿದಳು. ಸಂಚಿ ನೋಡಿದಳು, ನನ್ನ ಮುಖ ನೋಡಿದಳು.

"ಆ ಒಗಿಯೋದಲ್ಲರಿ, ಯಜಮಾನ್ರ" ಅಂದಳು.