ಮೈಕ್ ಕೆರಿಯಪ್ಪನ ಮೊದಲ ಬಾಟ್ಲಿ

ತಾಳಗುಪ್ಪದ ಕೆರಿಯಪ್ಪನಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಕಸುಬು, ಅದರಲ್ಲಿ ತಾನೇ ಮಾತಾಡುವುದು ಚಟ. ಸಾಗರದ ಸುತ್ತ ಎಲ್ಲೇ ರಕ್ತದಾನ ಶಿಬಿರವಿರಲಿ, "ಒಂದು ಬಾಟ್ಲಿ ರಕ್ತ, ಒಂದು ಜೀವ, ಬನ್ನಿ!" ಎಂದು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವನು ಅವನೇ. ಆದರೆ ಸೂಜಿ ಎಂದರೆ ಹೆದರಿ, ತಾನು ಒಮ್ಮೆಯೂ ರಕ್ತ ಕೊಟ್ಟವನಲ್ಲ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳಗಳಿಗೆ ಕೊಟ್ಟದ್ದೇನು ಕಡಿಮೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಯಾರಾದರೂ ಕೇಳಿದರೆ, "ನಾನು ಮಲಗಿದ್ರೆ ಮೈಕ್ ಹಿಡಿಯೋರು ಯಾರು ಮಾರಾಯ್ರೆ?" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ತನ್ನದು ಬಿ ನೆಗೆಟಿವ್, ನೂರಕ್ಕೆ ಒಬ್ಬಿಬ್ಬರು ಸಿಗುವುದೂ ಕಷ್ಟ ಎಂದು ಜಂಬ ಕೊಚ್ಚಿಕೊಂಡದ್ದೇ ತಪ್ಪಾಯಿತು. ಪಕ್ಕದ ಮನೆ ವೆಂಕಮ್ಮನಿಗೆ ಅದು ನೆನಪಿತ್ತು. ಒಂದು ಬೆಳಿಗ್ಗೆ ಸಾಗರದ ಆಸ್ಪತ್ರೆಯಿಂದ ಅವಳ ಫೋನು ಬಂತು.

"ಕೆರಿಯಪ್ಪಣ್ಣಾ, ಸೊಸೆ ಲಿಖಿತಾಗೆ ಹೆರಿಗೆ ಆಯ್ತು, ರಕ್ತ ನಿಲ್ತಾ ಇಲ್ಲ. ನಿಂದೇ ಗ್ರೂಪಂತೆ. ಬೇಗ ಬಾರೋ!"

ನೆಪ ಹೇಳಲು ಬಾಯಿ ತೆರೆದ. ಅವಳ ಅಳು ಕೇಳಿ ಮುಚ್ಚಿದ. ಹೊರಡುವುದೇನೋ ಸರಿ, ಆದರೆ ದಾನವೆಂದ ಮೇಲೆ ಮಡಿ ಬೇಡವೇ? ತಲೆಗೆ ನೀರು ಹೊಯ್ದುಕೊಂಡು, ಬಿಳಿ ಪಂಚೆ ಉಟ್ಟು, ದೇವರಿಗೆ ಕೈಮುಗಿದು, ತೊಟ್ಟು ಚಹಾ ಕೂಡ ಕುಡಿಯದೆ ಹೊರಟ.

ಆಸ್ಪತ್ರೆಯಲ್ಲಿ ನರ್ಸ್ ಪ್ರತಿಮಾ ಮೊದಲು ಕೇಳಿದ್ದೇ, "ತಿಂಡಿ ಆಯ್ತಾ?"

"ಇಲ್ಲಮ್ಮ, ಶುದ್ಧ ಉಪವಾಸ!" ಎಂದ ಹೆಮ್ಮೆಯಿಂದ.

"ಅಯ್ಯೋ, ಖಾಲಿ ಹೊಟ್ಟೇಲಿ ತಗಳಲ್ಲ. ಹೋಗಿ ತಿಂದು ಬನ್ನಿ. ಇಪ್ಪತ್ತು ವರ್ಷ ಮೈಕಲ್ಲಿ ನೀವೇ ಕೂಗ್ತಿದ್ರಲ್ಲ, 'ಹೊಟ್ಟೆ ತುಂಬ ತಿಂದು ಬನ್ನಿ' ಅಂತ?"

ಹೌದು, ಕೂಗುತ್ತಿದ್ದ. ತಾನು ಕೂಗಿದ್ದನ್ನು ತಾನೇ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಕೊನೆಗೆ ಇಡ್ಲಿ ತಟ್ಟೆ ಹಿಡಿದು ಕೂತ. ಹುಡುಕಿಕೊಂಡು ಬಂದ ವೆಂಕಮ್ಮ ಬಾಗಿಲಲ್ಲೇ ನಿಂತು ಕಿರುಚಿದಳು: "ಅಲ್ಲಿ ನನ್ ಸೊಸೆ ಜೀವ ಹೋಗ್ತದೆ, ಇಲ್ಲಿ ನೀನು ಇಡ್ಲಿ ತಿಂತಾ ಕೂತಿದೀಯಾ?"

ಉಳಿದ ಇಡ್ಲಿ ಬಾಯಿಗೆ ತುರುಕಿಕೊಂಡು ರಕ್ತ ತೆಗೆಯುವ ಕೋಣೆಗೆ ಓಡಿದ. ಮಡಿಗೆಂದು ಕಳೆದ ಅರ್ಧ ಗಂಟೆ, ಇಡ್ಲಿಗೆಂದು ಕಳೆದ ಇನ್ನರ್ಧ ಗಂಟೆ ಲಿಖಿತಾಳದ್ದು ಎಂದು ತಿಳಿದು ಅವನಿಗೆ ಅಳುವೇ ಬಂತು. ಮಲಗಿ ಕೈ ಚಾಚಿದ. ಸೂಜಿ ಚುಚ್ಚಿದ್ದು ಉಂಬಳ ಕಚ್ಚಿದಷ್ಟೂ ಅಲ್ಲ. ಇಷ್ಟಕ್ಕೆ ಇಪ್ಪತ್ತು ವರ್ಷ ಹೆದರಿದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆಗೆ ಲಿಖಿತಾ ಕಣ್ಣು ಬಿಟ್ಟಳು. ವೆಂಕಮ್ಮ ಅವನ ಕೈ ಹಿಡಿದು, "ದೇವರು ಕಣೋ ನೀನು" ಅಂದಳು. ಆ ಮಾತು ಅವನಿಗೆ ಸೂಜಿಗಿಂತ ಜೋರಾಗಿ ಚುಚ್ಚಿತು.

ಬಸ್ಸಿನಲ್ಲಿ ಕೂತು ಮೊಬೈಲು ತೆಗೆದ. ಎರಡು ವರ್ಷದ ಹಿಂದಿನ ಒಂದು ಸಂದೇಶ ಹುಡುಕಿದ: ತೀರ್ಥಹಳ್ಳಿ ಕಡೆಯವರೊಬ್ಬರಿಗೆ ಬಿ ನೆಗೆಟಿವ್ ತುರ್ತಾಗಿ ಬೇಕು. ಅವನು ಅದನ್ನು ಮೂರು ವಾಟ್ಸಾಪ್ ಗುಂಪುಗಳಿಗೆ ಕಳಿಸಿ, ಕೈಮುಗಿದ ಚಿತ್ರ ಹಾಕಿ, ಊಟಕ್ಕೆ ಕೂತಿದ್ದ. ಕೆಳಗೆ ಫೋನ್ ನಂಬರ್ ಇನ್ನೂ ಇತ್ತು. ತಾಳಗುಪ್ಪ ಬರುವವರೆಗೂ ಅದನ್ನೇ ನೋಡುತ್ತ ಕೂತ. "ಆವತ್ತು ರಕ್ತ ಸಿಕ್ತಾ?" ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ.