ಅಗಸ್ತ್ಯನಿಗೆ ಅರ್ಘ್ಯ, ಮದೀನತ್ ಜಾಯೆದ್‌ನಲ್ಲಿ

ತೊಂಬತ್ತರ ದಶಕದ ಕೊನೆಯಲ್ಲಿ ವಿಸಿಟ್ ವೀಸಾದ ಮೇಲೆ ಅಬುಧಾಬಿಗೆ ಬಂದ ಅಮ್ಮ, ಮೈಸೂರಿನಿಂದ ಪಂಚಾಂಗವನ್ನೂ ಹೊತ್ತು ತಂದಿದ್ದಳು. ಅಗಸ್ತ್ಯ ನಕ್ಷತ್ರಕ್ಕೆ ಅರ್ಘ್ಯ ಬಿಡಬೇಕು, ನಿಮ್ಮೂರಿನ ದೀಪಗಳಲ್ಲಿ ಅದು ಎಲ್ಲಿ ಕಂಡೀತು ಎಂದು ದಿನವೂ ಅದೇ ರಾಗ. ನನ್ನ ಆಫೀಸಿನ ಗೆಳೆಯ, ಉಪ್ಪಿನಂಗಡಿ ಕಡೆಯ ಬ್ಯಾರಿ, “ಅದಕ್ಕೆಂತ ಅಮ್ಮ, ಇಲ್ಲಿಯವರು ಅದನ್ನೇ ಸುಹೈಲ್ ಅಂತ ಹೇಳುದು. ನಾನು ತೋರಿಸ್ತೇನೆ” ಎಂದ. ದೂರದ ಮರುಭೂಮಿಯ ಊರು ಮದೀನತ್ ಜಾಯೆದ್ ಹತ್ತಿರ ಅವನಿಗೆ ಪರಿಚಯದ ಅರಬರೊಬ್ಬರ ಖರ್ಜೂರದ ತೋಟವಿತ್ತು. ಹೋಗಿ ಅಲ್ಲೇ ಉಳಿದೆವು.

ಬೆಳಗಿನ ಜಾವ ತೋಟದ ಯಜಮಾನರಾದ ಆ ಹಿರಿಯರು ನಮ್ಮನ್ನು ಎಬ್ಬಿಸಿ, ದಕ್ಷಿಣದ ಮರಳುದಿಬ್ಬದ ಮೇಲೆ ನಕ್ಷತ್ರ ತೋರಿಸಿದರು. ಅದು ಮೂಡಿದರೆ ಸೆಕೆ ಇಳಿದಂತೆಯೇ ಅಂತೆ. ಮತ್ತೆ ಏನೋ ಹೇಳಿ ತಲೆಯಾಡಿಸಿದರು. ಗೆಳೆಯ ಕನ್ನಡಕ್ಕೆ ತಂದ: “ಪ್ರವಾದಿಯವರು ಬರುವ ಮೊದಲು ಕೆಲವು ಕುಲದವರು ಇದಕ್ಕೇ ಅಡ್ಡ ಬೀಳ್ತಿದ್ರಂತೆ. ಅಜ್ಞಾನದ ಕಾಲ ಅಂತಾರೆ...”

ಅವನ ಮಾತು ಮುಗಿದಿರಲಿಲ್ಲ. ಅಮ್ಮ ಬಾಟಲಿಯ ನೀರನ್ನು ಬೊಗಸೆಯಿಂದ ಬಿಟ್ಟು, ಮಂಡಿಯೂರಿ ಹಣೆಯನ್ನು ಮರಳಿಗೆ ಹಚ್ಚಿದಳು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಊರಿನಲ್ಲಿ ಇದೇ ನಕ್ಷತ್ರಕ್ಕೆ, ಇದೇ ಅಮ್ಮನ ಪಕ್ಕ ನಿಂತು, ನಾನೂ ಕೈಮುಗಿದವನೇ. ಇಲ್ಲಿ ಅವಳು ಯಾರೋ ಎನ್ನುವಂತೆ ದೂರ ಸರಿದು ನಿಂತೆ.

ಹಿರಿಯರು ಗೆಳೆಯನನ್ನು ಏನೋ ಕೇಳಿದರು. ಅವನು ನನ್ನ ಮುಖ ನೋಡಿ, ತಡವರಿಸಿ, ಉತ್ತರ ಕೊಟ್ಟ. ಅವರು ‘ಅಯ್ಯೋ ಪಾಪ’ ಎನ್ನುವಂತೆ ನಾಲಿಗೆ ಲೊಚಗುಟ್ಟಿ ಒಳಗೆ ಹೋದರು.

“ಏನಂದ್ರಿ?” ಎಂದೆ.

“ಸೊಂಟ ಹಿಡಿದಿದೆ, ವ್ಯಾಯಾಮ ಮಾಡ್ತಿದ್ದಾರೆ ಅಂದೆ ಮಾರಾಯ್ರೆ. ನಿಮ್ಮ ಮುಖ ನೋಡಿ ಬೇರೆಂತದೂ ಬಾಯಿಗೆ ಬರ್ಲಿಲ್ಲ.”

ಉಸಿರು ಬಂತು. ಹಾಗೆ ನೆಮ್ಮದಿಯಾಯಿತಲ್ಲ ಎಂದು ಮತ್ತಷ್ಟು ನಾಚಿಕೆಯಾಯಿತು.

ಅಮ್ಮ ಹಣೆಯ ಮರಳು ಒರೆಸಿಕೊಳ್ಳುತ್ತಾ ಎದ್ದಳು. “ನಂಗ್ಯಾವ ಸೊಂಟ ನೋವೋ?” ಎಂದು ನನ್ನನ್ನು ಕೇಳಿದಳು. ನಾನು ಕಾಲಿನಿಂದ ಮರಳು ಕೆದಕಿದೆ. ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹಿರಿಯರು ತಾವೇ ಎರಡು ದಿಂಬುಗಳನ್ನು ಎದೆಗವಚಿಕೊಂಡು ಬಂದು, ಚಾಪೆ ಹಾಸಿ, ಗೋಡೆಗೆ ಆನಿಸಿಟ್ಟು, ಅಮ್ಮನನ್ನು ಕೈಸನ್ನೆಯಿಂದ ಕರೆದರು. ಹುಡುಗಾಟಕ್ಕೆ ಸುಳ್ಳು ಹೇಳಿದರೂ ನಮ್ಮ ಬೆನ್ನಿಗೆ ಬಾರಿಸುತ್ತಿದ್ದ ಅಮ್ಮ ಸೊಂಟದ ಮೇಲೆ ಕೈಯಿಟ್ಟು, “ಅಯ್ಯಮ್ಮಾ” ಎಂದು ನರಳುತ್ತಾ ಮೆಲ್ಲಗೆ ಕುಳಿತಳು.