ಇಂಗ್ಲಿಷ್ ಪ್ರಬಂಧದಲ್ಲಿ ನನ್ನ ಅವ್ವ

ಬೆಂಗಳೂರಿನ ವಿಜಯನಗರದ ಕಾಲೇಜಿನಲ್ಲಿ ಇಡೀ ಕ್ಲಾಸು ನನ್ನ ಅವ್ವನಿಗಾಗಿ ಕಣ್ಣೀರು ಹಾಕಿತು. ಅದೇ ಹೊತ್ತಿಗೆ ಅವ್ವ ಗದಗದ ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ, ಯಾರನ್ನೋ ಗದರಿಸುತ್ತ ಗಟ್ಟಿಮುಟ್ಟಾಗಿಯೇ ಇದ್ದಳು.

ಆದದ್ದು ಇಷ್ಟು. ಡಿಗ್ರಿ ಮೊದಲ ವರ್ಷದ ಇಂಗ್ಲಿಷ್ ಮೇಡಂ ತಾಯಿಯ ಬಗ್ಗೆ ಪ್ರಬಂಧ ಬರೆಯಲು ಹೇಳಿದರು. "ಗೈಡ್ ನೋಡಿ ಬರೀಬೇಡಿ. ನಿಮ್ಮ ಲೈಫಲ್ಲಿರೋ ನೋವು ಬರೀರಿ, ಫೀಲ್ ಇರ್ಬೇಕು" ಎಂದರು. ನಾನಿರುವುದು ನಾಯಂಡಹಳ್ಳಿಯ ಪಿ.ಜಿ.ಯಲ್ಲಿ, ಅಂದರೆ ಒಂದು ಕೋಣೆಗೆ ನಾಲ್ಕು ಮಂಚ ತುರುಕಿ ಊಟವನ್ನೂ ಹಾಕುವ ಬಾಡಿಗೆ ಮನೆಯಲ್ಲಿ. ನೋವಿಗೇನು ಬರ! ಬಚ್ಚಲ ಜಾಲರಿಯಲ್ಲಿ ಇನ್ಯಾರದೋ ಕೂದಲಿನ ಉಂಡೆ, ಬೆಲ್ಲ ಸುರಿದ ಸಾಂಬಾರು, ಕಿಟಕಿ ತೆಗೆದರೆ ಮೋರಿಯ ನಾತ. ಥೂ! ಆದರೆ ಅದಕ್ಕೆಲ್ಲ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ. ಇದ್ದದ್ದು ಪಿಯುಸಿಯಲ್ಲಿ ಉರುಹೊಡೆದ ಬಡ ತಾಯಿ, ಹರಿದ ಸೀರೆ, ಸದ್ದಿಲ್ಲದ ಕಣ್ಣೀರು. ಅವನ್ನೇ ಅವ್ವನಿಗೆ ಹೊದಿಸಿದೆ.

ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿ ಕೂರುವ ಕುರುಬರಹಳ್ಳಿಯ ಚೈತ್ರಾ "ಅಳ್ಬೇಡ ಕಣೇ, ನಾವೆಲ್ಲ ಇದೀವಿ" ಎಂದು ತನ್ನ ಡಬ್ಬಿಯ ಅರ್ಧ ಪುಳಿಯೋಗರೆ ಕೊಟ್ಟಳು. ನಾಚಿಕೆಯಿಲ್ಲದೆ ತಿಂದೆ. ನಮ್ಮ ಕಡೆ ಸುಮ್ಮನೆ ಮುಖ ಸಣ್ಣ ಮಾಡಿದರೆ "ಏನ್ ಧಾಡಿ ಆಗೇತಿ ನಿನಗ?" ಎನ್ನುತ್ತಾರೆ. ಇಲ್ಲಿ ಅದೇ ಮುಖಕ್ಕೆ ಹತ್ತಕ್ಕೆ ಒಂಬತ್ತು.

ಕಾಲೇಜಿನ ವಾರ್ಷಿಕ ಸಂಚಿಕೆಗೂ ಅದೇ ಆಯ್ಕೆಯಾಯಿತು. ಹಿಗ್ಗಿ ಅವ್ವನಿಗೆ ಫೋನ್ ಮಾಡಿದೆ.

"ಅಂಥಾದ್ದೇನ್ ಬರದೀ? ಕನ್ನಡದಾಗ ಹೇಳು, ಕೇಳೂಣು."

ಇಂಗ್ಲಿಷಿನಲ್ಲಿ ಸಲೀಸಾಗಿ ಹರಿದಿದ್ದ ಸುಳ್ಳಿಗೆ ಕನ್ನಡದಲ್ಲಿ ನಾಲಿಗೆ ಹೊರಳಲಿಲ್ಲ. ‘ನನ್ನ ತಾಯಿ’ ಎಂದಿದ್ದಲ್ಲೆಲ್ಲ ಹೆದರಿ ‘ಒಬ್ಬ ತಾಯಿ’ ಎಂದು ಹೇಳಿ ಮುಗಿಸಿದೆ. ಅವ್ವ ಲೊಚಗುಟ್ಟಿದಳು.

"ಪಾಪ, ಯಾರವ್ವಾ ಆಕಿ? ನಮ್ಮ ಖಾನಾವಳಿಗೆ ಕಳಸು. ಕೆಲಸಾ ಕೊಡ್ತೀನಿ."

ನೆಟ್‌ವರ್ಕ್ ಇಲ್ಲವೆಂದು ಫೋನ್ ಇಟ್ಟೆ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಮರುದಿನ ಮೇಡಂ ಬಳಿ ಹೋಗಿ ಅದೆಲ್ಲ ಸುಳ್ಳೆಂದೆ. "ಇರ್ಲಿ ಬಿಡಮ್ಮ, ಇಂಪ್ಯಾಕ್ಟ್ ಇದೆಯಲ್ಲ" ಎಂದರು. ಹೇಸಿಕೆ ಇಮ್ಮಡಿಯಾಯಿತು. ಹಾಳೆ ವಾಪಸು ಇಸಿದುಕೊಂಡು ಒಂದು ವಾರ ಕೂತು ಬೇರೆಯದೇ ಬರೆದೆ. ರೊಟ್ಟಿ ಚೆನ್ನಾಗಿಲ್ಲವೆಂದು ಹೆಸರಿಟ್ಟ ಗಿರಾಕಿಯ ತಾಟು ಕಸಿದು, ಅವನ ಅಪ್ಪನನ್ನೂ ಸೇರಿಸಿ ಬೈದು ಅವ್ವ ಹೊರಗಟ್ಟಿದ್ದು. ಸಂಜೆ ಅವನೇ ಬಂದು ಕೂತಾಗ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದ್ದು. ಇಂಗ್ಲಿಷು ಕುಂಟಿತು. ಆರು ಅಂಕ ಬಂತು, ಸಂಚಿಕೆಗೆ ಬೇಡವೆಂದರು. ಆದರೂ ಆ ಭಾಷೆಯಲ್ಲಿ ಉರುಹೊಡೆಯದೆ ನಾನೇ ಬರೆದ ಮೊದಲ ಪ್ರಬಂಧ ಅದೇ.

ಈ ಸಲ ‘ನನ್ನ ಅವ್ವ’ ಎಂದೇ ಫೋನಿನಲ್ಲಿ ಕನ್ನಡ ಮಾಡಿ ಹೇಳಿದೆ. ಅವ್ವ ಮೊದಲು ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

"ಹೌದು, ಇದು ನಾನ. ಆದ್ರ ಆ ಎರಡು ರೊಟ್ಟಿ ಮಾತು ಅಲ್ಲೇ ಇರಲಿ. ಗದಗದಾಗ ಯಾರಿಗೂ ಹೇಳಬ್ಯಾಡ, ಮರ್ಯಾದಿ ಹೊಕ್ಕತಿ."

"ಆತವ್ವಾ" ಎಂದು ಮಾತು ಕೊಟ್ಟೆ. ಈಗ ಬೆಂಗಳೂರಿನಲ್ಲಿ ಕೂತು, ಗದಗದ ಓದುಗರಾದ ನಿಮಗೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಖಾನಾವಳಿಗೆ ಊಟಕ್ಕೆ ಹೋದಾಗ ಅವಳ ಮುಂದೆ ಬಾಯಿ ಬಿಡಬೇಡಿ.